ಎಂಟು ಮನೆಯ ಹಾಲು

ಮಂಕರಿಯಲ್ಲಿದ್ದದ್ದು ಅಜೋಲಾ ಅಲ್ಲ ಎಂಬುದು ಶ್ಯಾಮಲಳ ಮೂಗಿಗೆ ಮೊದಲು ಗೊತ್ತಾಯಿತು. ಬಸ್ಸಿಳಿದು ಬಂದು, ಕೈಕಾಲು ತೊಳೆಯಲು ಹಿತ್ತಲಿಗೆ ಹೋದವಳು ಚೊಂಬು ಹಿಡಿದುಕೊಂಡೇ ನಿಂತಳು. ಕೊಟ್ಟಿಗೆಯ ಬಾಗಿಲಲ್ಲಿ ಅಕ್ಕನ ಗಂಡ ಮುನಿರಾಜ್ ಕುಕ್ಕರಗಾಲಲ್ಲಿ ಕೂತು ಬಾಂಡ್ಲಿಯಲ್ಲಿ ಬೂಸ ಕಲಸುತ್ತಿದ್ದ. ಒಂದು ಹಿಡಿ ಬೂಸ, ಪಕ್ಕದ ಮಂಕರಿಯಿಂದ ಒಂದು ಹಿಡಿ ಹಸಿರು. ಆ ಹಸಿರು ಅವನ ಬೆರಳ ಸಂದಿಯಿಂದ ಗೋಡೆಗೆ ಬಳಿಯುವ ಬಣ್ಣದಂತೆ ಇಳಿಯುತ್ತಿತ್ತು. ದನದ ಮೇವಿಗೆಂದು ನೀರಲ್ಲಿ ಬೆಳೆಸುವ ಅಜೋಲಾಗೆ ಎಲೆ ಇರುತ್ತದೆ, ಬೇರಿರುತ್ತದೆ, ಹಿಂಡಿದರೂ ಅದು ಎಲೆಯೇ. ಇದಕ್ಕೆ ಎರಡೂ ಇರಲಿಲ್ಲ. ನೆಂದ ಮಣ್ಣಿನ ವಾಸನೆಗೆ ಕೊಳೆತ ಹುಲ್ಲಿನ ವಾಸನೆ ಸೇರಿದಂತಿತ್ತು.

"ಅದೇನು ಬಾವ?"

"ನೀನೇ ನೋಡಿ ಏಳು. ನಿನ್ ಕಸ್ಬು ತಾನೆ." ಮುನಿರಾಜ್ ತಲೆ ಎತ್ತದೆ ನಕ್ಕ. "ಪಾಚಿ ಕಣಮ್ಮ. ನಮ್ ದೊಡ್ಕೆರೇದು. ಅಸೀಗೆ ಆಕೋಕೆ ಶುರು ಮಾಡಿ ಅತ್ತು ದಿನ ಆಯ್ತು. ಅರ್ಧ ಲೀಟ್ರು ಜಾಸ್ತೀನೇ ಕರೀತೈತೆ."

ಸೀಮೆ ಹಸು ಗೋದಲಿಯಿಂದ ಕತ್ತು ಚಾಚಿ ಬಾಂಡ್ಲಿಯನ್ನೇ ನೋಡುತ್ತಿತ್ತು. ಶ್ಯಾಮಲ ಹೋಗಿ ಬಾಂಡ್ಲಿಯ ಅಂಚು ಹಿಡಿದುಕೊಂಡಳು.

"ಇವತ್ತು ಬೇಡ."

"ಯಾಕೆ?"

"ಮೊದ್ಲು ಕೆರೆ ತೋರಿಸಿ. ಆಮೇಲೆ ಮಾತಾಡಾಣ."

"ಅಲ್ಲಮ್ಮ, ನೀನೇ ಏಳಿದ್ದೆ. ದೀಪಾವಳಿಗೆ ಬಂದಾಗ ಇದೇ ಕಲ್ಲಿನ್ ಮೇಲೆ ಕುಂತ್ಕಂಡು. ಪಾಚೀನ ಮಾತ್ರೆ ಮಾಡಿ ಪ್ಯಾಟೆ ಜನ ದುಡ್ಡು ಕೊಟ್ಟು ನುಂಗ್ತಾರೆ ಅಂತ. ಮನುಷ್ಯರಿಗೆ ಆಗಿದ್ದು ಅಸೀಗೆ ಆಗಲ್ವಾ?"

ಅವಳು ಹೇಳಿದ್ದು ನಿಜ. ಹೇಳಿದ್ದಕ್ಕೆ ಕಾರಣವೂ ಇತ್ತು. ಇಪ್ಪತ್ತು ವರ್ಷದಿಂದ ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಿದ್ದರು: ಪಾಚಿ ಓದೋಕೆ ಅಷ್ಟು ದೂರ ಯಾಕೆ ಓಗ್ಬೇಕಿತ್ತು, ನಮ್ ಬಚ್ಚಲಲ್ಲಿ ಇರಲಿಲ್ವಾ? ಅವಳ ಅಪ್ಪ ಉರಿಗಾಂ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವನು. ಭೂಮಿಯ ಕೆಳಗೆ ಇಳಿದವರ ಮಕ್ಕಳು ಪೊಲೀಸ್ ಆಗುವುದು, ಬೆಂಗಳೂರಿಗೆ ರೈಲಿನಲ್ಲಿ ಓಡಾಡುವುದು ಊರಿಗೆ ಅರ್ಥವಾಗುತ್ತಿತ್ತು. ಇವಳು ಕಾರವಾರಕ್ಕೆ ಹೋಗಿ ಸಮುದ್ರಜೀವಿಗಳನ್ನು ಓದಿದಳು. ಸಮುದ್ರದ ನೀರು ಕೆಲವು ಕಾಲದಲ್ಲಿ ಕೆಂಪಾಗುತ್ತದೆ, ಹಸಿರಾಗುತ್ತದೆ, ಮೀನು ಸತ್ತು ದಡಕ್ಕೆ ಬರುತ್ತವೆ. ಅದನ್ನು ಮಾಡುವ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಮೇಲೆ ಪಿಎಚ್.ಡಿ. ಮಾಡಿ, ಕರಾವಳಿಯ ಒಂದು ಕಾಲೇಜಿನಲ್ಲಿ ಮೇಷ್ಟ್ರಾದಳು. ಅಕ್ಕ ರಾಧಾಮಣಿ ಕೇಳಿದವರಿಗೆಲ್ಲ "ನಮ್ ಶ್ಯಾಮಲ ಸಮುದ್ರದ ಡಾಕ್ಟ್ರು" ಎಂದು ಹೇಳಿಬಿಟ್ಟಿದ್ದಳು. ಹಾಗಾಗಿ ಕಳೆದ ದೀಪಾವಳಿಯಲ್ಲಿ, ಪಾಚಿ ಅಂದರೆ ಬರೀ ಕೊಳಕಲ್ಲ ಎಂದು ಹೇಳುವ ಹುಮ್ಮಸ್ಸಿನಲ್ಲಿ ಶ್ಯಾಮಲ ಆ ಮಾತ್ರೆಯ ಕಥೆ ಹೇಳಿದ್ದಳು. ಅದನ್ನು ಶುದ್ಧವಾದ ತೊಟ್ಟಿಯಲ್ಲಿ ಬೆಳೆಸುತ್ತಾರೆ, ಆ ಜಾತಿಯೇ ಬೇರೆ ಎಂಬ ಅರ್ಧ ಮಾತು ಹೇಳುವ ಮೊದಲು ಊಟಕ್ಕೆ ಕರೆದಿದ್ದರು.

ಮುನಿರಾಜ್ ದಡ್ಡನಲ್ಲ. ಊರಿನ ಹಾಲಿನ ಡೈರಿಗೆ ಅವನೇ ಸೆಕ್ರೆಟ್ರಿ. ಎರಡು ವರ್ಷದ ಹಿಂದೆ ತರಬೇತಿಗೆ ಹೋಗಿಬಂದು, ಹಿತ್ತಲಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಗುಂಡಿ ಮಾಡಿ, ನೀರ ಮೇಲೆ ತೇಲುವ ಅಜೋಲಾ ಬೆಳೆಸಿದ್ದ. ಅದನ್ನು ತಿಂದ ಹಸು ಚೆನ್ನಾಗಿ ಕರೆದಿತ್ತು. ಈ ಬೇಸಿಗೆಯಲ್ಲಿ ನೆರಳಿನ ಬಲೆ ಹರಿದು ಗುಂಡಿ ಬೆಂದುಹೋಯಿತು. ಅದೇ ಹೊತ್ತಿಗೆ ಕೆರೆ ತನಗೆ ತಾನೇ ಹಸಿರಾಗಿ ನಿಂತಿತು. ನೀರ ಮೇಲೆ ತೇಲುವ ಹಸಿರು ಹಸುವಿಗೆ ಒಳ್ಳೆಯದು ಎಂದು ಗುಂಡಿ ಕಲಿಸಿತ್ತು. ಪಾಚಿಯನ್ನು ಮನುಷ್ಯರೇ ತಿನ್ನುತ್ತಾರೆ ಎಂದು ನಾದಿನಿ ಹೇಳಿದ್ದಳು. ಎರಡನ್ನೂ ಕೂಡಿಸಿದ, ಅಷ್ಟೇ.

"ಎಷ್ಟು ಮನೆಗೆ ಏಳಿದೀರಾ?" ಊರಿನ ಮಾತು ಅವಳ ಬಾಯಿಗೆ ತಾನಾಗಿ ಬಂತು.

"ನಮ್ದೂ ಸೇರಿ ಎಂಟು." ಈಗ ಅವನು ಕೈ ಒರೆಸಿಕೊಂಡ. "ಅವ್ರೇ ಕೇಳಿದ್ದು. ನಾನೇನ್ ಡಂಗೂರ ಒಡ್ಸಲಿಲ್ಲ."

ಕೆರೆ ಏರಿಯ ಮೇಲೆ ಬೈಕು ನಿಲ್ಲಿಸಿದಾಗ ಇನ್ನೂ ಬಿಸಿಲಿತ್ತು. ಗಾಳಿ ಪಡುವಲಿಂದ ಬೀಸಿ ಹಸಿರನ್ನೆಲ್ಲ ತೂಬಿನ ಕಡೆಗೆ ತಳ್ಳಿತ್ತು. ನಡುಗೆರೆಯಲ್ಲಿ ನೀರು ನೀರಿನಂತೆಯೇ ಇತ್ತು. ತೂಬಿನ ಹತ್ತಿರ ಕಲ್ಲು ಹಾಕಿದರೆ ಸದ್ದೇ ಬರದಷ್ಟು ದಪ್ಪ ಕೆನೆ. ದನ ನೀರಿಗಿಳಿಯುವುದೂ ಅಲ್ಲೇ. ಹಳೇ ಸೀರೆಯ ಎರಡು ತುದಿ ಹಿಡಿದು ಎಳೆದರೆ ಒಂದು ಮಂಕರಿ ತುಂಬುತ್ತದೆ ಎಂದು ಮುನಿರಾಜ್ ವಿವರಿಸಿದ. ಅವನ ದನಿಯಲ್ಲಿ ಹೆಮ್ಮೆ ಇತ್ತು, ಅದನ್ನು ಮರೆಮಾಚುವ ಪ್ರಯತ್ನವನ್ನೂ ಅವನು ಮಾಡಲಿಲ್ಲ.

ಶ್ಯಾಮಲ ಒಂದು ಹುಣಸೆ ಕಡ್ಡಿ ಮುರಿದು ಕೆನೆಯೊಳಗೆ ಅದ್ದಿ ಎತ್ತಿದಳು.

"ದಾರದ ತರ ಜೋತುಬಿದ್ರೆ ಸಾದಾ ಪಾಚಿ," ಎಂದಳು. "ಇದು ನೋಡಿ, ಬಣ್ಣ ಬಳಿದಂಗೆ ಅಂಟ್ಕೊಂಡೈತೆ. ಇದರ ಜಾತಿ ಬೇರೆ."

"ಪಾಚೀಲೂ ಜಾತಿ ಬಿಡ್ಲಿಲ್ವಾ ನೀವು, ಓದ್ದೋರು." ಅವನು ನಕ್ಕ. ಅವಳು ನಗಲಿಲ್ಲ. ತಂದಿದ್ದ ಎರಡು ಬಾಟಲಿಗೆ ನೀರು ತುಂಬಿಕೊಂಡಳು. ಬಗ್ಗಿದಾಗ ಕೈಗೆ ತಾಗಿದ್ದನ್ನು ಏರಿಯ ಪಕ್ಕದ ಬೋರಿನ ನೀರಲ್ಲಿ ಎರಡು ಸಲ ತೊಳೆದಳು. ಅದನ್ನು ನೋಡಿದ ಮೇಲೆ ಮುನಿರಾಜನ ನಗು ನಿಂತಿತು.

"ವಿಷಾನಾ?"

"ವಿಷ ಮಾಡೋ ಜಾತಿ ಅನ್ಸುತ್ತೆ. ಈಗ ಮಾಡ್ತಾ ಐತಾ ಅಂತ ಪರೀಕ್ಷೆ ಮಾಡ್ದೆ ಗೊತ್ತಾಗಲ್ಲ. ಒಂದು ಕೆರೇಲಿ ಮಾಡುತ್ತೆ, ಇನ್ನೊಂದ್ರಲ್ಲಿ ಅದೇ ಪಾಚಿ ಸುಮ್ನಿರುತ್ತೆ."

"ಅಂಗಂದ್ರೆ ನಿಂಗೆ ಗೊತ್ತಿಲ್ಲ."

"ಇವತ್ತು ಗೊತ್ತಿಲ್ಲ."

"ನಾನೂ ಅದ್ನೇ ಏಳ್ತಿರೋದು. ಗೊತ್ತಿಲ್ದೆ ಇದ್ರೆ ಸುಮ್ಕಿರಬೇಕು."

ಸುಮ್ಮನಿರುವುದನ್ನು ಅವಳು ಕಲಿತದ್ದು ಕಷ್ಟಪಟ್ಟೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನದಿ ಸಮುದ್ರ ಸೇರುವ ಒಂದು ಅಳಿವೆಯ ನೀರು ಕೆಂಪಾಗಿತ್ತು. ಅವಳು ಸೂಕ್ಷ್ಮದರ್ಶಕದಲ್ಲಿ ನೋಡಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಅಲ್ಲಿಯ ಚಿಪ್ಪುಮೀನು ಯಾರೂ ತಿನ್ನಬೇಡಿ ಎಂದು ಪತ್ರಿಕೆಯವರಿಗೆ ಹೇಳಿದಳು. ಎರಡು ವಾರ ಸಂತೆಯಲ್ಲಿ ಯಾರೂ ಚಿಪ್ಪು ಮುಟ್ಟಲಿಲ್ಲ. ಆಮೇಲೆ ಫಲಿತಾಂಶ ಬಂತು; ವಿಷ ಇರಲಿಲ್ಲ. ಚಿಪ್ಪು ಮಾರುವ ಹೆಂಗಸರು ಬುಟ್ಟಿ ಸಮೇತ ಕಾಲೇಜಿನ ಗೇಟಿಗೆ ಬಂದು, ಅವಳ ಹೆಸರು ಹಿಡಿದು, ಅವಳ ಅಪ್ಪ ಅಮ್ಮನನ್ನೂ ಸೇರಿಸಿ ಬೈದರು. ಅವರು ಬೈದದ್ದು ನ್ಯಾಯವಾಗಿಯೇ ಇತ್ತು. ವಿಭಾಗದ ಹಿರಿಯರು ಬೈದದ್ದು ಮಾತ್ರ ಬೇರೆ ರೀತಿ: ನಗುತ್ತಾ, ಟೀ ಕೊಟ್ಟು, ಬಡ್ತಿಯನ್ನು ಆರು ವರ್ಷ ಮುಂದಕ್ಕೆ ತಳ್ಳಿ. ಅಂದಿನಿಂದ ಅವಳು ಬರೆದ ಯಾವ ಲೇಖನದಲ್ಲೂ 'ಇರಬಹುದು' ಇಲ್ಲದೆ ಒಂದು ತೀರ್ಮಾನವಿಲ್ಲ. ಆ 'ಇರಬಹುದು'ಗಳಿಂದಲೇ ಅವಳಿಗೆ ಹೆಸರು ಬಂತು. ಎಚ್ಚರಿಕೆಯ ವಿಜ್ಞಾನಿ ಎಂದು ಹೊರದೇಶದವರೂ ಬರೆದರು. ಬರುವ ವಾರ ಪ್ರೊಫೆಸರ್ ಹುದ್ದೆಯ ಸಂದರ್ಶನವಿತ್ತು. ಅದಕ್ಕೂ ಮೊದಲು ಬೆಂಗಳೂರಿನ ಒಂದು ವಿಚಾರಸಂಕಿರಣ ಮುಗಿಸಿ, ಎರಡು ದಿನ ಅಕ್ಕನ ಮನೆಯಲ್ಲಿ ನಿದ್ದೆ ಮಾಡಿ ಹೋಗೋಣವೆಂದು ಬಂಗಾರಪೇಟೆಯಲ್ಲಿ ರೈಲು ಇಳಿದಿದ್ದಳು.

ಸಂಜೆ ರಾಧಾಮಣಿ ಮುದ್ದೆ ತೊಳಸುತ್ತಾ ಇಬ್ಬರ ಮಾತೂ ಕೇಳಿಸಿಕೊಂಡಳು.

"ಬಾಕಿ ಮನೆಗಳ್ಗೆಲ್ಲ ಓಗಿ ಏಳ್ಬಿಡಿ ಬಾವ," ಎಂದಳು ಶ್ಯಾಮಲ. " ರಿಪೋರ್ಟ್ ಬರೋವರ್ಗೂ ಆಕ್ಬೇಡಿ ಅಂತ. ಅಷ್ಟೇ."

"ಅಷ್ಟೇ ಅಂತೀಯ. ಯಾಕೆ ಅಂತ ಕೇಳ್ತಾರೆ. ವಿಷ ಇರಬೌದು ಅಂತೀನಿ. ಅಂಗಾದ್ರೆ ಆಲು ಅಂತಾರೆ. ಆಗೇನ್ ಏಳ್ಲಿ? ಈ ಮಾತು ಕ್ಯಾಸಂಬಳ್ಳಿ ದಾಟಿದ್ರೆ ನಮ್ಮೂರ ಆಲು ಯಾರೂ ಮುಟ್ಟಲ್ಲ. ಎಂಟು ಮನೇದಲ್ಲ, ಊರ್ದೆಲ್ಲ. ನೀನು ರೈಲತ್ಕಂಡು ಓಯ್ತೀಯ. ಕ್ಯಾನ್ ಮುಂದೆ ಕುಂತಿರೋನು ನಾನು."

"ಹಸು ಸತ್ರೆ?"

"ಅತ್ತು ದಿನ ತಿಂದೈತೆ, ಸತ್ತಿಲ್ವಲ್ಲ."

"ಗಾಳಿ ಇವಾಗ ತೂಬಿನ್ ಕಡೆ ತಿರುಗೈತೆ. ಅತ್ತು ದಿನದಿಂದ ತಿಂದಿದ್ದೇ ಬೇರೆ, ಈಗ ಅಲ್ಲಿ ಗಟ್ಟಿಯಾಗಿರೋದೇ ಬೇರೆ."

"ನೀವಿಬ್ರೂ ಉಣ್ರೀಗ," ಎಂದಳು ರಾಧಾಮಣಿ. "ಪಾಚಿ ಪಾಚಿ ಅಂತ ನಂಗೆ ಸೊಪ್ಪಿನ ಸಾರು ನೋಡಿದ್ರೇ ವಾಕರಿಕೆ ಬತ್ತೈತೆ."

ಮುನಿರಾಜ್ ಬೇಗ ಬೇಗ ಉಂಡ. ಎದ್ದು ಕೈ ತೊಳೆದವನು ಕೊಟ್ಟಿಗೆಗೆ ಹೋಗಿ, ಹಸಿರು ಬೆರೆಸದೆ ಬರೀ ಬೂಸ ಹಾಕಿ ಬಂದ. ತನ್ನ ಹಸುವಿನ ಮಟ್ಟಿಗೆ ಅವನು ತೀರ್ಮಾನ ಮಾಡಿಯಾಗಿತ್ತು. ಉಳಿದ ಏಳು ಮನೆಯ ಕಡೆಗೆ ಮಾತ್ರ ಅವನ ಕಾಲು ಏಳಲಿಲ್ಲ. ಶ್ಯಾಮಲಳಿಗೆ ಸಿಟ್ಟು ಬಂತು. ತಾನು ಎದ್ದು ಹೋಗಬಹುದಿತ್ತಲ್ಲ ಎಂದುಕೊಂಡಾಗ ಆ ಸಿಟ್ಟು ಇನ್ನೂ ಹೆಚ್ಚಾಯಿತು. ಅವಳೂ ಹೋಗಲಿಲ್ಲ. ಒಂದು ಬಾಟಲಿ ನೀರನ್ನು ಹಾರ್ಲಿಕ್ಸ್ ಸೀಸೆಗೆ ಸುರಿದು ಫ್ರಿಜ್ಜಿನಲ್ಲಿಟ್ಟು, ಅಲುಗಾಡಿಸಬೇಡ ಎಂದು ಅಕ್ಕನಿಗೆ ಹೇಳಿ ಮಲಗಿದಳು.

ಬೆಳಿಗ್ಗೆ ಸೀಸೆ ತೆಗೆದು ನೋಡಿದಳು. ತಳದಲ್ಲಿ ಏನೂ ಇರಲಿಲ್ಲ. ಸಾದಾ ಪಾಚಿಯಾಗಿದ್ದರೆ ಕೆಳಗೆ ಕೂರಬೇಕಿತ್ತು. ಇದು ಪೂರ್ತಿ ಮೇಲೆದ್ದು, ಬಾಯಿಯ ಹತ್ತಿರ ಬೆರಳು ದಪ್ಪದ ಹಸಿರು ಉಂಗುರವಾಗಿ ನಿಂತಿತ್ತು. ಜಾತಿ ಖಾತ್ರಿಯಾಯಿತು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿದ್ದ ಹಳೆಯ ವಿದ್ಯಾರ್ಥಿನಿ ಲಿಖಿತಳಿಗೆ ಫೋನು ಮಾಡಿದಳು. ಇನ್ನೊಂದು ಬಾಟಲಿಯನ್ನು ಐಸಿನಲ್ಲಿಟ್ಟು ಇವತ್ತೇ ಕಳಿಸಿದರೆ ಗುರುವಾರ ಹೇಳುತ್ತೇನೆ ಎಂದಳು ಅವಳು. ಅಂದು ಸೋಮವಾರ. ಫೋನಿಟ್ಟಾಗ ಮನೆಯಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಡೈರಿಗೆ ಹೋಗಿದ್ದರು; ಬಾಟಲಿ ಕಳಿಸುವ ದಾರಿ ಕೇಳಲು ಅವಳೂ ಅತ್ತ ಹೊರಟಳು.

ಡೈರಿ ಎಂದರೆ ಶಾಲೆಯ ಪಕ್ಕದ ಒಂದು ಕೋಣೆ. ಒಳಗೆ ಮುನಿರಾಜ್ ಫ್ಯಾಟು ಅಳೆಯುವ ಯಂತ್ರದ ಮುಂದೆ ಕೂತಿದ್ದ. ಒಬ್ಬೊಬ್ಬರ ಹಾಲಿನಿಂದಲೂ ಸ್ವಲ್ಪ ಯಂತ್ರಕ್ಕೆ ಕೊಟ್ಟು, ಚೀಟಿ ಹರಿದು, ಉಳಿದದ್ದನ್ನು ಬಾಗಿಲ ಬಳಿಯ ದೊಡ್ಡ ಕ್ಯಾನಿಗೆ ಸುರಿಸುತ್ತಿದ್ದ. ಹೊರಗೆ ಸಾಲು. ರಾಧಾಮಣಿ ಸಾಲಿನ ಕೊನೆಯಲ್ಲಿದ್ದಳು. ಸೆಕ್ರೆಟ್ರಿ ಮನೆಯ ಹಾಲು ಕೊನೆಗೆ ಬೀಳಬೇಕೆಂಬುದು ಮುನಿರಾಜ್ ತಾನೇ ಮಾಡಿಕೊಂಡ ನಿಯಮ.

ಸಾಲು ಬಿಟ್ಟು ಮುಂದೆ ಬಂದು ಬಾಗಿಲಿಗೆ ಅಡ್ಡ ನಿಂತಿದ್ದವಳು ಮುನಿರತ್ನಮ್ಮ. ಊರಿಗೆಲ್ಲ ಅತ್ತೆ. ಅವಳ ಮನೆ ಎಂಟರಲ್ಲಿ ಒಂದು.

"ಲೇ ಮುನಿರಾಜ, ನನ್ ಎಣ್ಣು ಕರ ಬೆಳಗ್ಗೆಯಿಂದ ಮೇಲಕ್ಕೇ ಎದ್ದಿಲ್ಲ ಕಣ್ಲಾ. ಬಾಯಲ್ಲಿ ಜೊಲ್ಲು. ಕಾಲು ನಡುಗ್ತೈತೆ. ನಿನ್ನೆ ಸಂದೆ ಆ ನಿನ್ ಪಾಯಸ ಆಕಿದ್ದೆ."

"ಬಿಸ್ಲು ಕಣತ್ತೆ. ದನದ್ ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಬತ್ತಾರೆ."

"ಕೊಟ್ಟಿಗೇಲಿ ಕಟ್ಟಿರೋ ಕರೀಗೆ ಎಲ್ಲೀದ್ಲಾ ಬಿಸ್ಲು? ನಿನ್ ತಲೇಗೆ ಒಡ್ದಿರೋದು."

ಸಾಲಿನಲ್ಲಿ ಒಂದಿಬ್ಬರು ನಕ್ಕರು. ಆಗಷ್ಟೇ ಹಾಲು ಹಾಕಿ ಚೀಟಿ ತೆಗೆದುಕೊಂಡಿದ್ದ ಸುಧಾಕರ್ ಎಂಬ ಹುಡುಗ, ಅವನ ಮನೆಯೂ ಆ ಎಂಟರಲ್ಲೇ, ರಸ್ತೆಯ ಕಡೆ ತಿರುಗಿ, "ಯಾಕ್ ಜಗಳ? ಸಮುದ್ರದ ಡಾಕ್ಟ್ರೇ ಬತ್ತಾವ್ರಲ್ಲ, ಕೇಳ್ರಿ," ಎಂದ.

ಎಲ್ಲರೂ ತಿರುಗಿದರು. ಶ್ಯಾಮಲ ಬರುತ್ತಾ ಬರುತ್ತಾ ಮುನಿರತ್ನಮ್ಮನ ಮಾತು ಕೇಳಿಸಿಕೊಂಡಿದ್ದಳು. ಜೊಲ್ಲು, ನಡುಕ. ಬೇರೆ ಹತ್ತು ಕಾಯಿಲೆಗೂ ಅದೇ ಲಕ್ಷಣ. ಗುರುವಾರದವರೆಗೆ ಕಾದರೆ ಏನು ಹೇಳಬೇಕೆಂಬುದು ಸ್ಪಷ್ಟವಿರುತ್ತದೆ. ಇವತ್ತು ಹೇಳಿದರೆ, ಗುರುವಾರ ಅದು ಸುಳ್ಳಾದರೆ, ಇಲ್ಲಿಯ ಹೆಂಗಸರಿಗೆ ಬೈಯಲು ಗೇಟು ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ; ಅಕ್ಕನ ಮನೆಯ ಬಾಗಿಲಿದೆ. ಮುನಿರಾಜ್ ಯಂತ್ರದ ಹಿಂದಿನಿಂದ ಅವಳನ್ನೇ ನೋಡುತ್ತಿದ್ದ. ಬೇಡ ಎಂದು ಅವನ ಕಣ್ಣು ಹೇಳುತ್ತಿತ್ತು.

"ಏಳಮ್ಮ," ಎಂದಳು ಮುನಿರತ್ನಮ್ಮ. "ಆಕಾಣಾ, ಬೇಡ್ವಾ?"

"ಬೇಡ," ಎಂದಳು ಶ್ಯಾಮಲ. "ಅದು ವಿಷ."

ಹೇಳಿದ ಮೇಲೆ ತನ್ನ ದನಿ ಇಷ್ಟು ಸಾದಾ ಇರಬಲ್ಲದೇ ಎಂದು ಅವಳಿಗೇ ಅನಿಸಿತು.

"ಪರೀಕ್ಷೆ ಆಗಿಲ್ಲ. ಗುರುವಾರ ಆಗುತ್ತೆ. ನಾನು ಏಳಿದ್ದು ತಪ್ಪಾದ್ರೆ ಇದೇ ಜಾಗಕ್ಕೆ ಬಂದು ನಿಂತ್ಕೋತೀನಿ, ಬೈರಿ. ಆದ್ರೆ ಇವತ್ತಿಂದ ಅದನ್ನ ಯಾರೂ ಆಕ್ಬೇಡಿ. ದನಾನ ತೂಬಿನ ಹತ್ರ ನೀರಿಗೆ ಬಿಡ್ಬೇಡಿ. ಇದ್ರಲ್ಲಿ ಬಾವನ ತಪ್ಪು ಏನೂ ಇಲ್ಲ. ಪಾಚಿ ಒಳ್ಳೇದು ಅಂತ ದೀಪಾವಳೀಲಿ ಏಳಿದ್ದೋಳು ನಾನು. ಯಾವ್ ಪಾಚಿ ಅಂತ ಏಳ್ಲಿಲ್ಲ."

ಸುಧಾಕರ್ ಕೈಯಲ್ಲಿದ್ದ ಚೀಟಿ ನೋಡಿದ, ಆಮೇಲೆ ಬಾಗಿಲ ಬಳಿಯ ದೊಡ್ಡ ಕ್ಯಾನು ನೋಡಿದ.

"ಅಂಗಾದ್ರೆ ಆಲು?" ಎಂದಳು ಮುನಿರತ್ನಮ್ಮ.

ನಿನ್ನೆ ಸಂಜೆ ಮುನಿರಾಜ್ ಹೆದರಿದ್ದು ಇದಕ್ಕೇ. ಶ್ಯಾಮಲ ಅವನತ್ತ ನೋಡದೆ ಹೇಳಿದಳು.

"ಆಲಿಗೆ ಬರೋದು ತುಂಬ ಕಮ್ಮಿ ಅಂತ ಓದಿದೀನಿ. ನಮ್ಮ ಆಲಲ್ಲಿ ಐತಾ, ಇಲ್ವಾ, ಅದು ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ಇರೋದನ್ನ ಇಲ್ಲ ಅಂತ ಏಳಕ್ಕಾಗಲ್ಲ."

"ಬಾಯಿ ಮುಚ್ಕಂಡಿದ್ರೆ ಆಯ್ತಿತ್ತು," ಎಂದು ಸಾಲಿನಿಂದ ಯಾರೋ ಗೊಣಗಿದರು. "ಅನ್ಯಾಯವಾಗಿ ಊರ್ ಎಸ್ರು ಕೆಡ್ಸಕ್ ಬಂದವ್ಳೆ."

ಮುನಿರಾಜ್ ಎದ್ದು ನಿಂತ. ಅವನು ಆ ಗೊಣಗಿದವನಿಗೆ ಏನಾದರೂ ಹೇಳುತ್ತಾನೆ, ಇಲ್ಲವೇ ತನಗೇ ಹೇಳುತ್ತಾನೆ ಎಂದು ಶ್ಯಾಮಲ ಕಾದಳು. ಅವನು ಯಂತ್ರದ ಸ್ವಿಚ್ಚು ಆರಿಸಿದ. ಬಾಗಿಲಿಗೆ ಬಂದು ದೊಡ್ಡ ಕ್ಯಾನಿನ ಮುಚ್ಚಳ ಹಾಕಿ ಅದರ ಮೇಲೆ ಅಂಗೈ ಇಟ್ಟ.

"ಪಾಚಿ ಆಕ್ದೋರ್ ಮನೇದು ಇದ್ರಲ್ಲಿ ಯಾರ್ಯಾರ್ದು ಬಿದ್ದೈತೆ?"

"ನಂದು," ಎಂದ ಸುಧಾಕರ್.

"ನಂದೂ ಆಯ್ತು ಕಣಪ್ಪ," ಎಂದ ಇನ್ನೊಬ್ಬ, ಬಹಳ ಮೆಲ್ಲಗೆ.

ಹಾಗಾದರೆ ಆ ಕ್ಯಾನು ಪೂರ್ತಿ ಹೋಯಿತು. ಪಾಚಿ ಮುಟ್ಟದವರ ಹಾಲೂ ಅದರಲ್ಲಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈ ಕ್ಯಾನು ಓಗಲ್ಲ," ಎಂದ ಮುನಿರಾಜ್. "ಎಂಟು ಮನೇರ್ದು ಗುರುವಾರದವರ್ಗೂ ಬೇಡ. ಬಾಕಿಯೋರ್ದು ಎರಡ್ನೇ ಕ್ಯಾನಿಗೆ ತಗೋತೀನಿ."

"ಆಲಿನ್ ವ್ಯಾನ್ನೋನು ಕೇಳಿದ್ರೆ ಏನ್ ಏಳ್ತೀಯ?" ಗೊಣಗಿದ್ದವನೇ ಈಗ ಜೋರಾಗಿ ಕೇಳಿದ. "ಬೆಕ್ಕು ಕುಡೀತು ಅಂತೀಯಾ?"

"ಇರೋದು ಏಳ್ತೀನಿ."

"ಊರ್ದೆಲ್ಲ ನಿಲ್ಲಿಸ್ಬಿಟ್ರೆ?"

"ನಿಲ್ಲಿಸ್ಲಿ. ಆಮೇಲೆ ಶುರು ಮಾಡ್ಸೋಕೂ ನಾನೇ ಓಗ್ಬೇಕು, ನೀನಲ್ಲ." ಅವನು ಸುಧಾಕರ್ ಕಡೆ ತಿರುಗಿದ. "ಬಾರ್ಲಾ. ಒಂದ್ ಕಡೆ ಇಡ್ಕೊ."

ಇಬ್ಬರೂ ಒಂದೊಂದು ಕಿವಿ ಹಿಡಿದು ಕ್ಯಾನನ್ನು ಡೈರಿಯ ಹಿಂದಿನ ತಿಪ್ಪೆಗೆ ಹೊತ್ತರು. ಯಾರೂ ಬನ್ನಿ ಎನ್ನಲಿಲ್ಲ, ಆದರೂ ಆ ಎಂಟು ಮನೆಯಲ್ಲಿ ಇನ್ನೂ ಹಾಲು ಹಾಕಿರದವರು ತಮ್ಮ ತಮ್ಮ ಪಾತ್ರೆ ಹಿಡಿದು ಹಿಂದೆ ಹೋದರು. ಆ ಊರಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದರೂ ನೀರು ಚಿಮುಕಿಸಿ ಕೈ ಮುಗಿಯುತ್ತಾರೆ. ತಿಪ್ಪೆಗೆ ಹಾಲು ಸುರಿದದ್ದನ್ನು ಯಾರೂ ಕಂಡಿರಲಿಲ್ಲ. ಕ್ಯಾನು ವಾಲಿಸಿದಾಗ ಅದು ಮೊದಲು ಗುಳುಗುಳು ಎಂದು, ಆಮೇಲೆ ಸದ್ದಿಲ್ಲದೆ ಹರಿಯಿತು. ಒಣ ಸಗಣಿಯ ಮೇಲೆ ಬೆಳ್ಳಗೆ ಹರಡಿ, ಸ್ವಲ್ಪ ಹೊತ್ತು ನಿಂತು, ಇಂಗಿತು. ರಾಧಾಮಣಿ ತನ್ನ ಕ್ಯಾನನ್ನು ಬಗ್ಗಿಸುವಾಗ ಮುಖ ಆ ಕಡೆ ಮಾಡಿದಳು. ಮುನಿರತ್ನಮ್ಮ ತನ್ನ ಚಿಕ್ಕ ಪಾತ್ರೆಯಲ್ಲಿ ಬೆರಳದ್ದಿ ಕಣ್ಣಿಗೊತ್ತಿಕೊಂಡು, ಸುರಿದು, "ಕರ ಬದುಕ್ಕಂಡ್ರೆ ಸಾಕು ಕಣಮ್ಮ," ಎಂದು ಶ್ಯಾಮಲಳಿಗೆ ಹೇಳಿ ಮನೆಯ ಕಡೆ ಓಡುವಂತೆ ನಡೆದಳು.

ಮುನಿರಾಜ್ ಹಿಂದಿರುಗಿ ಎರಡನೇ ಕ್ಯಾನು ಎಳೆದುಕೊಂಡ. ಯಂತ್ರ ಹಾಕಿದ. ಉಳಿದವರ ಹಾಲು ತೆಗೆದುಕೊಂಡ, ಚೀಟಿ ಕೊಟ್ಟ. ಎರಡನೇ ಕ್ಯಾನು ಕತ್ತಿನವರೆಗೂ ತುಂಬಲಿಲ್ಲ. ಮೊದಲನೆಯದನ್ನು ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದ.

ಕಾಮಸಮುದ್ರದ ಕಡೆಯ ತಿರುವಿನಲ್ಲಿ ವ್ಯಾನಿನ ಹಾರನ್ನು ಕೇಳಿಸಿತು. ದಿನಾ ಆ ಹಾರನ್ನಿಗೆ ಅವನು ಕೂತಲ್ಲಿಂದ ಏಳುತ್ತಿರಲಿಲ್ಲ; ಕ್ಯಾನು ಎತ್ತಲು ಹುಡುಗರಿದ್ದರು. ಇವತ್ತು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ರಸ್ತೆಯ ಅಂಚಿಗೆ ಹೋಗಿ ನಿಂತ. ಸಾಲಿನವರು ಯಾರೂ ಮನೆಗೆ ಹೋಗಿರಲಿಲ್ಲ, ಆದರೆ ಹತ್ತಿರಕ್ಕೂ ಬರಲಿಲ್ಲ.

ಶ್ಯಾಮಲ ಹೋಗಿ ಅವನ ಪಕ್ಕ ನಿಂತಳು. ಅವನು ತಿರುಗಿ ನೋಡಲಿಲ್ಲ. ರಸ್ತೆಯ ಧೂಳು ಅವಳ ಕಡೆ ಬರದಂತೆ ಸ್ವಲ್ಪ ಮುಂದಕ್ಕೆ ಸರಿದು ನಿಂತ.